ಕೀಲಿಯಿಲ್ಲದ ಹಾಡಿನ ಪೆಟ್ಟಿಗೆ

ಈ ಕಥೆ ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಯಂತ್ರದ ವಿಷಯ ಬರೆಯುವವನಿಗೆ ಯಂತ್ರ ಗೊತ್ತಿರಬೇಕು, ನಗಿಸುವವನಿಗೆ ಜನ ಗೊತ್ತಿರಬೇಕು. ನನಗೆ ಎರಡೂ ಅಷ್ಟಕ್ಕಷ್ಟೆ. ಬಲ್ಲವರು ಯಾರಾದರೂ ಬರೆದಾರು ಎಂದು ಕಾದು ನೋಡಿದೆ. ಆ ಪೆಟ್ಟಿಗೆ ಹಾಡಿದ್ದನ್ನು ಕಣ್ಣಾರೆ ಕಂಡವರನ್ನೆಲ್ಲ ಕೇಳಿಯೂ ನೋಡಿದೆ. ಎಲ್ಲರೂ ಕೈಯನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸಿ, "ಅದನ್ನ ಹೇಳೋಕಾಗಲ್ಲ ಬಿಡಿ, ನೋಡ್ಬೇಕು" ಎಂದರು. ನೋಡದವರಿಗಾಗಿ ಯಾರಾದರೂ ಹೇಳಲೇಬೇಕಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಗುಮಾಸ್ತರು ಅಗ್ನಿಶಾಮಕ ಠಾಣೆಯ ಕಚೇರಿಯಲ್ಲಿ ಟೈಪು ಮಾಡುವವರು. ಊರಿನಲ್ಲಿ ಎಲ್ಲಿ ಬೆಂಕಿ ಬಿದ್ದರೂ ಅದು ಕೊನೆಗೆ ಅವರ ಮೇಜಿಗೆ ಬಂದು ವರದಿಯಾಗಿ ತಣ್ಣಗಾಗುತ್ತಿತ್ತು. ಅಷ್ಟೊಂದು ಬೆಂಕಿಗಳನ್ನು ಟೈಪು ಮಾಡಿದ್ದರೂ ಒಂದನ್ನೂ ಅವರು ಕಣ್ಣಿನಿಂದ ಕಂಡವರಲ್ಲ. ಹಾಗಾಗಿಯೇ ಇರಬೇಕು, ಬೆಂಕಿಯೆಂದರೆ ಅವರಿಗೆ ವಿಪರೀತ ಭಯ. ಕಡ್ಡಿ ಗೀರುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೊರಗೆ ಹೊರಟರೆ ಗ್ಯಾಸ್ ಆರಿಸಿದೆನೇ ಎಂದು ನೋಡಲು ಬೀದಿಯ ತಿರುವಿನಿಂದ ವಾಪಸು ಬರುತ್ತಿದ್ದರು. ನೋಡಿಕೊಂಡು ಹೋದವರು ಸರಿಯಾಗಿ ನೋಡಿದೆನೇ ಎಂದು ಇನ್ನೊಮ್ಮೆ ಬರುತ್ತಿದ್ದರು.

ಅವರಿದ್ದದ್ದು ಅತ್ತೆಯವರ ಮನೆಯಲ್ಲಿ. ಕೆಳಗಡೆ ಬಾಡಿಗೆಗೆ ಹಲ್ಲಿನ ಡಾಕ್ಟರ ದವಾಖಾನೆ. ಮಹಡಿಯ ಮೇಲೆ ಅತ್ತೆ, ಗುಮಾಸ್ತರು ಮತ್ತು ಅವರ ಹೆಂಡತಿ. ಹೆಂಡತಿಯ ಅಕ್ಕನ ಗಂಡ, ಅಂದರೆ ಆ ಮನೆಯ ದೊಡ್ಡಳಿಯ, ಪೀಠೋಪಕರಣದ ಅಂಗಡಿ ಇಟ್ಟವರು. ಅವರು ಬಂದರೆ ಮನೆಯ ಕುರ್ಚಿಗಳೇ ನಾಚಿಕೊಳ್ಳುವಂತೆ ನೋಡುತ್ತಿದ್ದರು. ಅತ್ತೆಯವರಿಗೆ ಗಾಜಿನ ಬಾಗಿಲಿನ ದೊಡ್ಡ ಶೋಕೇಸೊಂದನ್ನು ಉಡುಗೊರೆ ಕೊಡುವುದಾಗಿ ಅವರು ಸಾರಿದ್ದರಿಂದ ಹಜಾರದ ಮೂಲೆ ಖಾಲಿಯಾಗಬೇಕಾಯಿತು. ಮೂಲೆಯ ಸಾಮಾನು ಅಟ್ಟಕ್ಕೇರಬೇಕು, ಅಟ್ಟದ ಸಾಮಾನು ಕೆಳಗಿಳಿಯಬೇಕು. ಹಾಗೆ ಇಳಿದ ಸಾಮಾನಿನಲ್ಲಿ ಒಂದು ಮರದ ಪೆಟ್ಟಿಗೆಯಿತ್ತು. ಮೇಲೆ ಬಟ್ಟೆ ಹೊದಿಸಿದ ತಿರುಗುವ ತಟ್ಟೆ, ಪಕ್ಕದಲ್ಲಿ ಹೂವಿನಂತೆ ಅರಳಿದ ತಗಡಿನ ಕಹಳೆ, ಒಳಗೆ ಹಿತ್ತಾಳೆಯ ಎರಡು ಕೊಳವೆ, ಒಂದು ದಪ್ಪ ಗಾಲಿ.

"ಇದೇನು, ಹೊಲಿಗೆ ಮಿಷಿನ್ನಾ?" ಎಂದರು ದೊಡ್ಡಳಿಯ.

ಗುಮಾಸ್ತರು ಸಾಮಾನ್ಯವಾಗಿ ಷಡ್ಡಕರ ಎದುರು ಬಾಯಿ ಬಿಡುವವರಲ್ಲ. ಆವತ್ತು ಏನಾಯಿತೋ, ಬಾಯಿ ತಾನಾಗಿ ಬಿಟ್ಟುಕೊಂಡಿತು. "ಅಲ್ಲ ಭಾವ, ಇದು ಗ್ರಾಮಫೋನು. ಒಳಗೆ ಸ್ಪ್ರಿಂಗ್ ಇರುತ್ತೆ. ಕೀ ಕೊಟ್ಟರೆ ಬಿಗಿಯಾಗುತ್ತೆ, ಬಿಟ್ಟರೆ ಹಾಡುತ್ತೆ. ನಮ್ಮ ಆಫೀಸಲ್ಲಿ ಇಂಥವು ಬೇಕಾದಷ್ಟಿವೆ."

ಆಫೀಸಿನಲ್ಲಿ ಇದ್ದದ್ದು ಕೈಯಲ್ಲಿ ತಿರುಗಿಸುವ ಒಂದು ಸೈರನ್.

"ಹಾಗಾದ್ರೆ ಹಾಡಿಸಪ್ಪ, ಕೇಳೋಣ."

"ಕೀ ಕಳೆದುಹೋಗಿದೆಯಲ್ಲ ಭಾವ."

ಅತ್ತೆಯವರು ಪೆಟ್ಟಿಗೆಯ ಕಡೆ ನೋಡಲೂ ಇಲ್ಲ. "ನಮ್ಮ ಮಾವನೋರು ಎಲ್ಲಿಂದಲೋ ಹೊತ್ತು ತಂದಿದ್ದು. ನಾನು ಮದುವೆಯಾಗಿ ಬರೋ ಹೊತ್ತಿಗೇ ಅಟ್ಟದ ಮೇಲಿತ್ತು. ಗುಜರಿಗೆ ಹಾಕಿಬಿಡಿ" ಎಂದರು.

"ಅತ್ತೆ, ಶನಿವಾರದ ತನಕ ಟೈಮು ಕೊಡಿ. ಹಾಡಿಸ್ತೀನಿ."

ಅತ್ತೆಯವರು ಅಳಿಯನ ಮುಖ ನೋಡಿದರು. "ಆಯ್ತು ಅಳಿಯಂದ್ರೇ. ಹಾಡಿದರೆ ಮೂಲೆಯಲ್ಲಿ ಅದಿರಲಿ. ಹಾಡದಿದ್ದರೆ ಶನಿವಾರ ಶೋಕೇಸು ತರೋ ಟೆಂಪೋದಲ್ಲೇ ಗುಜರಿಗೆ ಹೋಗಲಿ."

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಗುಮಾಸ್ತರು ಧೂಳು ಒರೆಸಲು ಕೂತರು. ಒಂದೇ ಒಂದು ತಟ್ಟೆಯೂ, ಅಂದರೆ ಹಾಡಿನ ತಟ್ಟೆಯೂ, ಮುಚ್ಚಳದೊಳಗೆ ಸಿಕ್ಕಿತು. ಪೆಟ್ಟಿಗೆಯ ಹೊಟ್ಟೆಯಲ್ಲಿ ಕೈಯಾಡಿಸಿದಾಗ ಇನ್ನೊಂದು ವಸ್ತು ಸಿಕ್ಕಿತು. ಅದು ಎರಡು ಕಿವಿಗಳಿದ್ದ, ಬತ್ತಿ ಒಣಗಿಹೋದ, ಹಿತ್ತಾಳೆಯ ಸ್ಪಿರಿಟ್ ದೀಪ.

"ನೋಡಿದೆಯಾ!" ಎಂದು ಹೆಂಡತಿಗೆ ತೋರಿಸಿದರು. "ಮರದ ಪೆಟ್ಟಿಗೆ ಒಳಗೆ ದೀಪ ಇಟ್ಟಿದ್ದಾರೆ. ಅದೂ ಸ್ಪಿರಿಟ್ಟಿಂದು! ಇಂಥವರಿಂದಲೇ ಕಣೇ ನಾನು ರಾಶಿ ರಾಶಿ ಟೈಪು ಮಾಡಬೇಕಾಗಿರೋದು."

"ಅದರದ್ದೇ ಇರಬಹುದೇನೋ ರೀ."

"ಗ್ರಾಮಫೋನಿಗೆ ದೀಪ ಯಾಕೆ? ಅದೇನು ಕತ್ತಲಲ್ಲಿ ಓದಿಕೊಂಡು ಹಾಡುತ್ತಾ?"

ಹೀಗೆಂದು ಅವರು ದೀಪವನ್ನು ಮೂರು ಮಡಿಕೆ ಕಾಗದದಲ್ಲಿ ಸುತ್ತಿ, ಕೆಳಗೆ ಹೋಗಿ, ಹಲ್ಲಿನ ಅಚ್ಚು ತೆಗೆಯುವ ಮೇಣ ಕಾಯಿಸಲು ಬೇಕಾದೀತು ಎಂದು ಹಲ್ಲಿನ ಡಾಕ್ಟರಿಗೆ ಕೊಟ್ಟು, ಕಲ್ಲಿನ ಮೇಜಿನ ಮೇಲೆಯೇ ಇಡಬೇಕೆಂದು ಎರಡು ಸಲ ಹೇಳಿ, ನೆಮ್ಮದಿಯಿಂದ ಮೇಲೆ ಬಂದರು. ಒಬ್ಬ ಮನುಷ್ಯನ ಎದೆಯಿಂದ ಹೃದಯ ಕಿತ್ತು ಪಕ್ಕದ ಮನೆಗೆ ಕೊಟ್ಟು ಬಂದು, ಇನ್ನು ಇವನನ್ನು ಎಬ್ಬಿಸಿ ನಡೆಸೋಣ ಎಂದರೆ ಹೇಗೋ ಹಾಗೆ.

ಮಾರನೆಯ ಸಂಜೆ ಬೀಗ ರಿಪೇರಿಯವನು ಬಂದ. ಪೆಟ್ಟಿಗೆಯ ಸುತ್ತ ಎರಡು ಸುತ್ತು ಹಾಕಿದ. ಕೀಲಿಯ ತೂತು ಎಲ್ಲೂ ಇರಲಿಲ್ಲ.

"ತೂತೇ ಇಲ್ಲವಲ್ಲ ಸಾರ್."

"ಇರಲೇಬೇಕು. ಸರಿಯಾಗಿ ನೋಡು."

ಸರಿಯಾಗಿ ನೋಡಿದಾಗ ದಪ್ಪ ಗಾಲಿಯ ನಡುವಿನ ಕಂಬಿಯ ತುದಿ ಚೌಕವಾಗಿದ್ದದ್ದು ಕಂಡಿತು. ಬೀಗದವನಿಗೆ ಅಷ್ಟೇ ಸಾಕಾಯಿತು. ಅಂಗಡಿಗೆ ಹೋಗಿ ಮೊಣಕೈ ಉದ್ದದ ಕೀಲಿಯೊಂದನ್ನು ತಯಾರಿಸಿ ತಂದು ಚೌಕಕ್ಕೆ ಸಿಕ್ಕಿಸಿ ತಿರುಗಿಸಿದ. ಕೊಳವೆಗಳು ಪುಸ್ ಪುಸ್ ಎಂದವು. ಮೇಲಿನ ತಟ್ಟೆ ತಿರುಗಿತು. ಕೈ ಬಿಟ್ಟ. ತಟ್ಟೆ ನಿಂತಿತು.

"ಇನ್ನೂ ಬಿಗಿಯಾಗಿಲ್ಲ" ಎಂದರು ಗುಮಾಸ್ತರು. "ದೊಡ್ಡ ಸ್ಪ್ರಿಂಗು. ತಿರುಗಿಸು."

ತಿರುಗಿಸಿದ. ಬೆವರು ಬಂತು. ಗುಮಾಸ್ತರು ಕೈ ಬದಲಾಯಿಸಿದರು. ಪಕ್ಕದ ಮನೆಯ ನಿವೃತ್ತ ಹೆಡ್‌ಮಿಸ್ಸು ಸದ್ದು ಕೇಳಿ ಬಂದವರು ಸೀರೆಯ ಸೆರಗು ಸಿಕ್ಕಿಸಿಕೊಂಡು ತಾವೂ ಒಂದಷ್ಟು ತಿರುಗಿಸಿದರು. ಸ್ಪ್ರಿಂಗೇ ಇಲ್ಲದ ಯಂತ್ರಕ್ಕೆ ಹೀಗೆ ಮೂರು ಜನ ಸರದಿಯ ಮೇಲೆ ಕೀ ಕೊಟ್ಟರು. ಅದು ಎಷ್ಟು ಕೊಟ್ಟರೂ ಬೇಡವೆನ್ನಲಿಲ್ಲ.

"ಮುಳ್ಳನ್ನಾದರೂ ಇಟ್ಟು ನೋಡಿ" ಎಂದರು ಹೆಡ್‌ಮಿಸ್ಸು.

ಬೀಗದವನು ತಿರುಗಿಸುತ್ತಿರುವಂತೆಯೇ ಗುಮಾಸ್ತರು ಮುಳ್ಳನ್ನು ಹಾಡಿನ ತಟ್ಟೆಯ ಮೇಲಿಟ್ಟರು. ಕಹಳೆಯಿಂದ ದನಿ ಬಂತು! ಎಲ್ಲರ ಮೈಯೂ ಜುಮ್ಮೆಂದಿತು. ಆದರೆ ದನಿಗೆ ತಾಳವಿರಲಿಲ್ಲ. ಬೀಗದವನ ತೋಳು ಮೇಲಿಂದ ಕೆಳಗೆ ಬರುವಾಗ ಕೀರಲು ಹೆಂಗಸು, ಕೆಳಗಿನಿಂದ ಮೇಲೆ ಹೋಗುವಾಗ ನಿದ್ದೆಗಣ್ಣಿನ ಗಂಡಸು.

"ಗಂಡಸೇ ಇದು. ಗಂಟಲು ಕೇಳಿಸ್ತಿಲ್ವಾ?" ಎಂದ ಬೀಗದವನು.

"ಹೆಂಗಸು. ನೀನು ಸಮನಾಗಿ ತಿರುಗಿಸು, ಆಗ ಗೊತ್ತಾಗುತ್ತೆ."

"ನಾನು ಸಮನಾಗೇ ತಿರುಗಿಸ್ತಿದೀನಿ ಮಿಸ್. ಹಾಡುವವನೇ ಹಾಗೆ ಹಾಡಿದ್ದರೆ ನಾನೇನು ಮಾಡಲಿ?"

"ಕೈ ಬಿಡು, ನಾನು ತೋರಿಸ್ತೀನಿ" ಎಂದು ಹೆಡ್‌ಮಿಸ್ಸು ಕೀಲಿ ಕಿತ್ತುಕೊಂಡರು. ಅವರು ತಿರುಗಿಸಿದಾಗ ಹಾಡಿದ್ದು ಸಂಪೂರ್ಣವಾಗಿ ಗಂಡಸು. ಬೀಗದವನು ಗೆದ್ದವನಂತೆ ಕೆಮ್ಮಿದ.

ಒಳಗಿನಿಂದ ಅತ್ತೆಯವರು ಬಂದು ಬಾಗಿಲಿಗೆ ಒರಗಿ ನಿಂತರು. ಅವರ ಎದುರಿಗೆ ಗುಮಾಸ್ತರು ಹೆಮ್ಮೆಯಿಂದ, "ಹಾಡಿತಲ್ಲ ಅತ್ತೆ!" ಎಂದರು.

"ಹಾಡಿದ್ದು ಅದಲ್ಲ ಅಳಿಯಂದ್ರೇ, ನಿಮ್ಮ ತೋಳು. ಮೂರು ಜನ ಸೇರಿ ನೀರು ಸೇದಿದ ಹಾಗಾಯ್ತು. ಯಾರೂ ಮುಟ್ಟದೆ ತಾನಾಗಿ ಹಾಡಿದರೆ ಹಾಡಿತು ಅಂತೀನಿ. ಇಲ್ಲಾಂದರೆ ಟೆಂಪೋ."

ಅತ್ತೆಯವರು ಎಂದೂ ಮಾತು ಬದಲಿಸಿದವರಲ್ಲ. ಗುಮಾಸ್ತರಿಗೋ, ಆ ಕಹಳೆಯಿಂದ ಬಂದ ಒಡಕು ದನಿ ಕೇಳಿದ ಮೇಲೆ ಊಟ ರುಚಿಸಲಿಲ್ಲ. ಇದುವರೆಗೆ ಷಡ್ಡಕರ ಎದುರು ಮಾನ ಉಳಿದರೆ ಸಾಕು ಎನ್ನುತ್ತಿದ್ದವರಿಗೆ ಈಗ ಮಾನ ಹೋದರೂ ಹೋಗಲಿ, ಪೆಟ್ಟಿಗೆ ಉಳಿಯಲಿ ಅನ್ನಿಸತೊಡಗಿತು. ಒಳಗೆ ಯಾರೋ ಇದ್ದಾರೆ, ಬಾಗಿಲು ತೆಗೆಯಲು ನನಗೆ ಬರುತ್ತಿಲ್ಲ ಎಂಬಂಥ ಸಂಕಟ.

ಶುಕ್ರವಾರ ಸಂಜೆ ಅವರು ಪೆಟ್ಟಿಗೆಯನ್ನು ಎರಡು ಕುರ್ಚಿಗಳ ಮೇಲಿಟ್ಟು, ಕೆಳಗೆ ಅಂಗಾತ ಮಲಗಿ, ಸಿಕ್ಕಸಿಕ್ಕಲ್ಲಿ ಎಣ್ಣೆ ಬಿಟ್ಟರು. ಎದ್ದು ಬಂದಾಗ ಹೆಂಡತಿ ಬೆಚ್ಚಿಬಿದ್ದಳು.

"ರೀ, ಹಣೆಗೆಲ್ಲ ಏನು ಬಳ್ಕೊಂಡಿದ್ದೀರಿ? ಕರ್ರಗೆ!"

"ಹಳೇ ಸಾಮಾನು ಕಣೇ, ಕೊಳೆ" ಎಂದು ಅವರು ಮುಖ ತೊಳೆದುಕೊಂಡರು. ಕೊಳೆ ಸುಲಭವಾಗಿ ಹೋಗಲಿಲ್ಲ. ಸೋಪು ಅರ್ಧ ಸವೆಯಿತು.

ಶನಿವಾರ ಬೆಳಗ್ಗೆ ಕಚೇರಿಯಲ್ಲಿ ಸಾಹೇಬರು, ಅಂದರೆ ಠಾಣೆಯ ಅಧಿಕಾರಿಗಳು, ಇರಲಿಲ್ಲ. ಅವರು ಹೊಸ ಹಲ್ಲು ಕಟ್ಟಿಸಿಕೊಳ್ಳುವ ಕಾಲ. ಗುಮಾಸ್ತರು ಯಾವುದೋ ಗೋದಾಮಿನ ಬೆಂಕಿಯ ವರದಿ ಟೈಪು ಮಾಡುತ್ತ, ನೂರಾರು ಸಲ ಟೈಪಿಸಿ ಬೆರಳಿಗೇ ಬಾಯಿಪಾಠವಾಗಿದ್ದ ಸಾಲಿಗೆ ಬಂದರು: "ಮಸಿಯು ಅತಿ ದಟ್ಟವಾಗಿ ಕಂಡುಬಂದ ಸ್ಥಳದಲ್ಲಿಯೇ ಬೆಂಕಿಯು ಇತ್ತೆಂದು ಅಭಿಪ್ರಾಯಪಡಲಾಗಿದೆ."

ಬೆರಳು ನಿಂತಿತು. ಅವರು ಹಣೆ ಮುಟ್ಟಿಕೊಂಡರು.

ಅದು ಕೊಳೆಯಲ್ಲ, ಮಸಿ! ಕೊಳವೆಯ ಕೆಳಗೆ, ಅಲ್ಲೊಂದೇ ಕಡೆ, ಗುಂಡಗೆ. ಅಂದರೆ ಅಲ್ಲಿ ಬೆಂಕಿ ಇತ್ತು. ಒಂದು ದಿನವಲ್ಲ, ಎಷ್ಟೋ ದಿನ, ಬೇಕೆಂದೇ ಇಟ್ಟ ಬೆಂಕಿ. ಆ ಎರಡು ಕಿವಿಗಳ ದೀಪ! ಗುಮಾಸ್ತರು ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ತಮ್ಮ ನೌಕರಿಯಲ್ಲಿ ಮೊದಲ ಬಾರಿಗೆ, ಅಗ್ನಿಶಾಮಕ ದಳದವರಂತೆ ಓಡಿದರು.

ದವಾಖಾನೆಯಲ್ಲಿ ಡಾಕ್ಟರು ಅದೇ ದೀಪದ ಮೇಲೆ ಮೇಣ ಕಾಯಿಸಿ ಒಬ್ಬರ ಬಾಯಿಯೊಳಗೆ ಒತ್ತಿ ಹಿಡಿದು, "ಕಚ್ಚಿಕೊಳ್ಳಿ. ತಲೆ ಅಲ್ಲಾಡಿಸಬೇಡಿ. ಮಾತಾಡಲೇಬೇಡಿ" ಎನ್ನುತ್ತಿದ್ದರು. ಕುರ್ಚಿಯಲ್ಲಿದ್ದವರು ಸಾಹೇಬರು.

"ಡಾಕ್ಟ್ರೇ, ಆ ದೀಪ ಕೊಡಿ! ಅರ್ಜೆಂಟು! ಟೆಂಪೋ ಬರೋದರೊಳಗೆ ಮನೇಲಿ ಬೆಂಕಿ ಹಚ್ಚಬೇಕು!" ಎಂದವರಿಗೆ ಸಾಹೇಬರು ಕಂಡರು. ಗುಮಾಸ್ತರು ಎಂಥ ಅವಸರದಲ್ಲೂ ಶಿಸ್ತು ಬಿಡುವವರಲ್ಲ. ಕೈ ಮುಗಿದು, "ಸಾರ್, ಮರದ ಪೆಟ್ಟಿಗೆ ಒಳಗೇ ಹಚ್ಚೋದು ಸಾರ್. ಸ್ಪಿರಿಟ್ ಹಾಕಿ. ತಮ್ಮ ಆಕ್ಷೇಪಣೆ ಏನೂ ಇಲ್ಲ ತಾನೆ?" ಎಂದು ಕೇಳಿದರು.

ಸಾಹೇಬರ ಕಣ್ಣು ಹೊರಗೆ ಬಂದವು. ತಲೆ ಅಲ್ಲಾಡಿಸಲು ನೋಡಿದರು. ಡಾಕ್ಟರು ಎರಡೂ ಕೈಯಿಂದ ತಲೆ ಹಿಡಿದಿದ್ದರು.

"ಥ್ಯಾಂಕ್ಸ್ ಸಾರ್" ಎಂದು ಗುಮಾಸ್ತರು ಒಂದು ಕೈಯಲ್ಲಿ ಆರಿಸಿದ ದೀಪ, ಇನ್ನೊಂದರಲ್ಲಿ ಸ್ಪಿರಿಟ್ ಬಾಟಲಿ ಹಿಡಿದು ಮೆಟ್ಟಿಲೇರಿದರು.

ಸಾಹೇಬರು ಕುರ್ಚಿಯಿಂದ ಜಿಗಿದು ಠಾಣೆಗೆ ಫೋನು ಮಾಡಿದರು. ಬಾಯಿ ತುಂಬ ಗಟ್ಟಿಯಾಗುತ್ತಿದ್ದ ಮೇಣ. ಫೋನೆತ್ತಿದವನಿಗೆ ಕೇಳಿಸಿದ್ದು ಸಾಹೇಬರ ನಂಬರಿನಿಂದ ಯಾರೋ ಉಸಿರುಗಟ್ಟಿ ಒದ್ದಾಡುವ ಸದ್ದು. ಹಲ್ಲಿನ ಡಾಕ್ಟರಲ್ಲಿಗೆ ಹೋದ ಸಾಹೇಬರೇ ಅಲ್ಲಿ ಹೊಗೆಯಲ್ಲಿ ಸಿಕ್ಕಿಕೊಂಡಿದ್ದಾರೆ ಎಂದುಕೊಂಡು ಅವನು ಠಾಣೆಯಲ್ಲಿದ್ದ ಎರಡೂ ಬಂಡಿಗಳನ್ನು, ಉದ್ದ ಏಣಿಯನ್ನು, ಹೆಚ್ಚಿನ ಎಚ್ಚರಿಕೆಗೆ ಅಡುಗೆಯವನನ್ನೂ ಕಳಿಸಿದ.

ಮೇಲೆ ಗುಮಾಸ್ತರು ದೀಪವನ್ನು ಕೊಳವೆಯ ಕೆಳಗೆ ತಂದರು. ಎರಡು ಕಿವಿಗಳು ಅಲ್ಲಿದ್ದ ಎರಡು ಸೀಳುಗಳಲ್ಲಿ, ಚಿಲಕ ಬಿದ್ದ ಹಾಗೆ, ಕೂತುಕೊಂಡವು. ಅವರಿಗೆ ಅಳು ಬರುವುದೊಂದು ಬಾಕಿ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಕಣ್ಣು ಮುಚ್ಚಿದ್ದರಿಂದ ಎಲ್ಲಿಗೋ ಗೀರಿತು. "ನಾನು ಹಚ್ಚಲಾ?" ಎಂದಳು ಹೆಂಡತಿ. "ಬೇಡ" ಎಂದು ಅವರು ಕಣ್ಣು ಬಿಟ್ಟುಕೊಂಡೇ ಮೂರನೆಯದನ್ನು ಗೀರಿ ಬತ್ತಿಗೆ ಮುಟ್ಟಿಸಿದರು. ನೀಲಿ ಜ್ವಾಲೆ ಎದ್ದಿತು.

ಆ ಹೊತ್ತಿಗೆ ಬೀದಿಯಲ್ಲಿ ಶೋಕೇಸಿನ ಟೆಂಪೋ ನಿಂತಿತು. ಅದರ ಹಿಂದೆ ಗಂಟೆ ಬಾರಿಸುತ್ತ ಒಂದು ಕೆಂಪು ಬಂಡಿ, ಅದರ ಹಿಂದೆ ಇನ್ನೊಂದು. ದೊಡ್ಡಳಿಯ ಗಾಬರಿಯಿಂದ ಮೆಟ್ಟಿಲೇರಿದರು. "ಏನಪ್ಪಾ ಇದು! ನನ್ನ ಶೋಕೇಸಿಗೆ ಗಾಜಿದೆ, ನೀರು ಹಾರಿಸಬೇಡಿ ಅಂತ ಹೇಳು ಅವರಿಗೆ!" ಅವರ ಹಿಂದೆ ನೀರಿನ ಪೈಪು ಹಿಡಿದ ದಳದವರು. ದಳದವರ ಮುಂದೆ ಎದೆಗೆ ಡಾಕ್ಟರ ಬಿಳಿ ಬಟ್ಟೆ ಕಟ್ಟಿಕೊಂಡ ಸಾಹೇಬರು, ಬಾಯಲ್ಲಿ ಕೆಂಪು ಮೇಣ, ಹಿಂದಿನಿಂದ ಡಾಕ್ಟರು: "ಕಚ್ಚಿಕೊಂಡೇ ಇರಿ! ಅಚ್ಚು ಕೆಡುತ್ತೆ!"

ಪೆಟ್ಟಿಗೆಯೊಳಗೆ ಜ್ವಾಲೆ ಕಂಡದ್ದೇ ದಳದವರು ಪೈಪು ಎತ್ತಿದರು. ಗುಮಾಸ್ತರು ಪೆಟ್ಟಿಗೆಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತರು. ಬೆಂಕಿಗೆ ಇಷ್ಟು ಹತ್ತಿರ ಅವರು ಎಂದೂ ನಿಂತಿರಲಿಲ್ಲ. "ಹಾಕೋದಿದ್ದರೆ ನನ್ನ ಮೇಲೆ ಹಾಕಿ. ಇದರ ಮೇಲೆ ಒಂದು ಹನಿ ಬೀಳಕೂಡದು!"

"ಸಾಹೇಬ್ರು ಹೇಳಬೇಕು" ಎಂದ ದಳದವನು.

ಎಲ್ಲರೂ ಸಾಹೇಬರ ಕಡೆ ನೋಡಿದರು. ಸಾಹೇಬರಿಗೆ ಹೇಳಲು ಬಾಯಿಯಿರಲಿಲ್ಲ.

"ಐದು ನಿಮಿಷ ನೋಡಿ" ಎಂದರು ಅತ್ತೆಯವರು, ಕುರ್ಚಿ ಎಳೆದುಕೊಂಡು ಕೂರುತ್ತ. "ಅಳಿಯಂದ್ರು ಮಾತು ಕೊಟ್ಟಿದ್ದಾರೆ."

ಕಾದರು. ಕೊಳವೆ ಬಿಸಿಯಾಯಿತು. ಏನೂ ಆಗಲಿಲ್ಲ. ಹೆಡ್‌ಮಿಸ್ಸು ಬಂದು ಕೂತರು, ಏನೂ ಆಗಲಿಲ್ಲ. ದೊಡ್ಡಳಿಯ ಗಡಿಯಾರ ನೋಡಿಕೊಂಡರು. "ಕಾಫಿಗಾದರೂ ನೀರಿಡು, ಹೇಗೂ ಬೆಂಕಿಯಿದೆ" ಎಂದು ನಾದಿನಿಗೆ ಹೇಳಿ ತಮ್ಮ ಮಾತಿಗೆ ತಾವೇ ನಕ್ಕರು. ಗುಮಾಸ್ತರ ಕಿವಿ ಕೆಂಪಾದವು. ಸಾಹೇಬರಿಗೆ ತಾಳ್ಮೆ ತಪ್ಪಿತು. ಬಾಯಿಂದ ಹೇಳಲಾಗದ್ದನ್ನು ಕೈಯಿಂದ ಹೇಳಹೊರಟು, ಇದು, ಇದು ಅಪಾಯ ಎಂಬಂತೆ ಬೆರಳು ಚಾಚಿ ಆ ದಪ್ಪ ಗಾಲಿಯನ್ನು ಒಮ್ಮೆ ತಿವಿದರು.

ಗಾಲಿ ತಿರುಗಿತು. ನಿಲ್ಲಲಿಲ್ಲ.

ಅದಕ್ಕೆ ಬೇಕಾಗಿದ್ದದ್ದು ಅಷ್ಟೇ, ಬಿಸಿಯಾದ ಮೇಲೆ ಒಂದು ಬೆರಳಿನ ತಳ್ಳು. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಆ ಕೊಳವೆಗಳೊಳಗೆ ಇರುವುದು ಒಂದು ಹಿಡಿ ಗಾಳಿ. ಅದು ಹೊರಗೆ ಹೋಗುವುದಿಲ್ಲ, ಹೊಸದು ಒಳಗೆ ಬರುವುದೂ ಇಲ್ಲ. ದೀಪದ ಬಿಸಿಗೆ ಗಾಳಿ ಹಿಗ್ಗಿ ಒಂದು ಪಿಸ್ಟನ್ನನ್ನು ಹೊರಕ್ಕೆ ತಳ್ಳುತ್ತದೆ. ಅಷ್ಟರಲ್ಲಿ ಇನ್ನೊಂದು, ಸಡಿಲವಾದ ಪಿಸ್ಟನ್ನು ಬಂದು ಅದೇ ಗಾಳಿಯನ್ನು ಬಿಸಿ ತುದಿಯಿಂದ ತಣ್ಣನೆಯ ತುದಿಗೆ ಅಟ್ಟುತ್ತದೆ. ಅಲ್ಲಿ ಅದು ಕುಗ್ಗುತ್ತದೆ, ಪಿಸ್ಟನ್ನು ಒಳಕ್ಕೆ ಬರುತ್ತದೆ. ಮತ್ತೆ ಬಿಸಿಗೆ, ಮತ್ತೆ ತಂಪಿಗೆ. ಎರಡರ ನಡುವೆ ಗಾಲಿಯು ಆ ಎಳೆದಾಟವನ್ನೆಲ್ಲ ನುಂಗಿಕೊಂಡು ಗುಂಡಗೆ ಮಾಡಿ ಬೆಲ್ಟಿಗೆ ಕೊಡುತ್ತದೆ, ಬೆಲ್ಟು ತಟ್ಟೆಗೆ. ವೇಗ ಹೆಚ್ಚಾದರೆ ಮೂರು ಪುಟ್ಟ ಸೀಸದ ಗುಂಡುಗಳು ಲಂಗದಂತೆ ಅರಳಿ ಒಂದು ಬಿಲ್ಲೆಯನ್ನು ಒತ್ತಿ ತಡೆಯುತ್ತವೆ. ಸ್ಪ್ರಿಂಗಿನ ಪೆಟ್ಟಿಗೆಗಳು ಹಾಡಿನ ಕೊನೆಗೆ ಸುಸ್ತಾಗಿ ಜೋಲು ದನಿ ತೆಗೆಯುತ್ತವಂತೆ. ಇದಕ್ಕೆ ಜ್ವಾಲೆ ಇರುವ ತನಕ ಸುಸ್ತಿಲ್ಲ. ಅದಕ್ಕೇ ಕೀಲಿಯಿಲ್ಲ. ಅದನ್ನು ಕಟ್ಟಿದವನು ಯಾರೋ, ಅವನ ಕೈ ತಂಪಾಗಿರಲಿ.

ಗುಮಾಸ್ತರು ಮುಳ್ಳು ಇಳಿಸಿದರು. ಮುಳ್ಳು ಗೆರೆಯೊಳಗೆ ಅತ್ತಿತ್ತ ಅದುರಿತು, ಆ ಅದುರು ಉಗುರಿನಷ್ಟು ತೆಳುವಾದ ಅಭ್ರಕದ ಬಿಲ್ಲೆಗೆ ಮುಟ್ಟಿತು, ಬಿಲ್ಲೆ ಗಾಳಿಯನ್ನು ಅಲ್ಲಾಡಿಸಿತು, ಕಹಳೆ ಆ ಗಾಳಿಯನ್ನು ಹಜಾರದ ತುಂಬ ಹರಡಿತು.

ಹೆಂಗಸು. ವಯಸ್ಸಾದ, ಒಂದಿಷ್ಟೂ ಅವಸರವಿಲ್ಲದ ಹೆಂಗಸು. ಯಾರಿಗೂ ಬಾರದ ಯಾವುದೋ ಭಾಷೆ. ಪೈಪು ಹಿಡಿದವರು ಪೈಪು ಇಳಿಸಿದರು. ಹೆಡ್‌ಮಿಸ್ಸು ಗೆದ್ದೆನೆಂದು ಹೇಳುವುದನ್ನೂ ಮರೆತರು. ಸಾಹೇಬರು ತಾವೇ ತಿವಿದ ಬೆರಳನ್ನು ಹಾಗೇ ಮುಂದೆ ಚಾಚಿಕೊಂಡು ನಿಂತಿದ್ದರು. ಬೆಲ್ಟಿನ ಸರಸರ, ಕೊಳವೆಗಳ ಮೆಲ್ಲನೆಯ ಉಸಿರು, ಅದರ ಮೇಲೆ ಆ ದನಿ. ನಡುವೆ ಆಕೆ ಒಮ್ಮೆ ಸಣ್ಣಗೆ ಕೆಮ್ಮಿದಳು. ಕೆಮ್ಮಿಗೂ ಗೆರೆಯಲ್ಲಿ ಜಾಗವಿತ್ತು. ಮುಂದೆ ಹಾಡಿದಳು.

ಹಾಡು ಮುಗಿಯಿತು. ಗುಮಾಸ್ತರು ಅಭ್ಯಾಸಬಲದಿಂದ ಮೊದಲು ದೀಪ ಊದಿ ಆರಿಸಿದರು. ಗಾಲಿ ನಿಲ್ಲಲಿಲ್ಲ. ಕೊಳವೆಯಲ್ಲಿ ಬಿಸಿ ಉಳಿದಿತ್ತಲ್ಲ.

"ಬೆಂಕಿ ಆರಿದ ಮೇಲೂ ಓಡ್ತಿದೆಯಲ್ಲೋ!" ಎಂದ ದಳದವನೊಬ್ಬ, ಟೋಪಿ ತೆಗೆದು.

"ಚೆನ್ನಾಗಿದೆ, ಚೆನ್ನಾಗಿದೆ" ಎಂದರು ದೊಡ್ಡಳಿಯ. ಅವರ ದನಿಯೂ ಇಳಿದಿತ್ತು. "ಅಲ್ಲಪ್ಪ, ನಿಮ್ಮ ಆಫೀಸಲ್ಲಿ ಇಂಥವು ಬೇಕಾದಷ್ಟಿವೆ ಅಂದೆಯಲ್ಲ?"

"ಇಲ್ಲ ಭಾವ" ಎಂದರು ಗುಮಾಸ್ತರು. "ಒಂದೂ ಇಲ್ಲ."

"ನಮ್ಮ ಅಂಗಡಿಯಲ್ಲೂ ಇಲ್ಲ ಬಿಡು. ಅತ್ತೆ, ಶೋಕೇಸು..."

"ಬೇರೆ ಮೂಲೆ ನೋಡಿ" ಎಂದರು ಅತ್ತೆಯವರು. ಆಮೇಲೆ, ಯಾರ ಮುಖವನ್ನೂ ನೋಡದೆ, "ಅಳಿಯಂದ್ರೇ, ಇನ್ನೊಂದು ಸಲ ಹಚ್ಚಿ."

ಎರಡನೆಯ ಸಲ ಗುಮಾಸ್ತರಿಗೆ ಒಂದೇ ಕಡ್ಡಿ ಸಾಕಾಯಿತು. ಸಾಹೇಬರ ಬಾಯಿಯ ಮೇಣ ಅಷ್ಟರಲ್ಲಿ ಪೂರ್ತಿ ಗಟ್ಟಿಯಾಗಿತ್ತು. ಡಾಕ್ಟರು ಅದನ್ನು ಕಿತ್ತು ತೆಗೆದು ಬೆಳಕಿಗೆ ಹಿಡಿದು, ಇಷ್ಟು ಒಳ್ಳೆಯ ಅಚ್ಚು ಇದುವರೆಗೆ ಬಂದದ್ದೇ ಇಲ್ಲ ಎಂದರು. ಬಾಯಿ ಬಿಡುಗಡೆಯಾದ ಸಾಹೇಬರ ಮೊದಲ ಮಾತಿಗೆ ಇಡೀ ದಳ ನೆಟ್ಟಗೆ ನಿಂತಿತು. "ಶ್! ಸದ್ದು ಮಾಡಬೇಡಿ" ಎಂದರು ಅವರು.

ಹೀಗೆ ಪೆಟ್ಟಿಗೆ ಉಳಿಯಿತು. ಇನ್ನು ನನಗೆ ಗೊತ್ತಿಲ್ಲದ್ದನ್ನೂ ಹೇಳಿಬಿಡಬೇಕು. ಆ ಎರಡನೆಯ ಸಲ ಗುಮಾಸ್ತರ ಹೆಂಡತಿಯ ಕಣ್ಣು ಅಕಸ್ಮಾತ್ತಾಗಿ ತಾಯಿಯ ಕಡೆ ಹೋಯಿತು. ಅತ್ತೆಯವರು ಕಣ್ಣು ಮುಚ್ಚಿ ಕೂತಿದ್ದರು. ತುಟಿ ಅಲ್ಲಾಡುತ್ತಿತ್ತು, ಹಾಡಿನ ಜೊತೆಗೇ, ಕೆಲವು ಕಡೆ ಹಾಡಿಗಿಂತ ಒಂದು ಗಳಿಗೆ ಮುಂಚೆಯೇ. ಆಮೇಲೆ ಮಗಳು ಕೇಳಿದಳು: "ಅಮ್ಮಾ, ಆ ಹಾಡು ನಿಂಗೆ ಬರುತ್ತಾ?"

"ಬಾಯಿ ಒಣಗಿತ್ತು ಕಣೇ" ಎಂದರಂತೆ ಅತ್ತೆಯವರು, "ಅಷ್ಟೆ."

ಅವರು ಆ ಮನೆಗೆ ಬರುವ ಮೊದಲೇ ಅಟ್ಟ ಸೇರಿತ್ತು ಎನ್ನುವ ಪೆಟ್ಟಿಗೆಯ ಹಾಡು ಅವರಿಗೆ ಹೇಗೆ ಗೊತ್ತು, ಗೊತ್ತಿದ್ದರೆ ಗುಜರಿಗೆ ಹಾಕಿ ಎಂದದ್ದು ಯಾಕೆ, ಅಥವಾ ನಿಜವಾಗಿಯೂ ಬಾಯಿ ಒಣಗಿತ್ತೇ? ಗುಮಾಸ್ತರು ಕೇಳುವ ಧೈರ್ಯ ಮಾಡಲಿಲ್ಲ. ನಾನು ಅತ್ತೆಯವರನ್ನೇ ಒಮ್ಮೆ ಕೇಳಿದೆ. ಅವರು ನನಗೆ ಕುಡಿಯಲು ನೀರು ತಂದುಕೊಟ್ಟರು. ಉತ್ತರ ನನಗೆ ಗೊತ್ತಿಲ್ಲ.